ಕರಿ ಕೋಟು

ಗಿರಿನಗರದ ನಾಲ್ಕನೇ ಕ್ರಾಸು, ಹೊಂಗೆ ಮರದಡಿ ನನ್ನ ಗಾಡಿ.
ಚಿಪ್ಪಿನ ಇದ್ದಿಲು ಕೆಂಪಾಗುವಷ್ಟರಲ್ಲಿ
ಪ್ರಫುಲ್ಲಾ ಮೇಡಂ ಮನೆಯ ಗಂಟು ಬಂದಿರುತ್ತದೆ:
ಬಿಳಿ ಸೀರೆ ಎರಡು, ಕೊರಳಪಟ್ಟಿ ನಾಲ್ಕು, ಕರಿ ಕೋಟು ಒಂದು.

ನೀರು ಚಿಮುಕಿಸಿ ಪೆಟ್ಟಿಗೆ ಇಟ್ಟೆನೋ,
ಮೊದಲು ಏಳುವುದು ಲವಂಗ.
ಅದರ ಬೆನ್ನಿಗೆ ಸೆಂಟು, ಮಲ್ಲಿಗೆಯದು, ದುಬಾರಿ.
ಅದರಡಿಯಲ್ಲಿ, ಕಂಕುಳ ಹೊಲಿಗೆಯಲ್ಲಿ, ಅಸ್ತರಿನೊಳಗೆ
ನನಗೆ ಗೊತ್ತಿರುವ ವಾಸನೆ.
ಹತ್ತೊಂಬತ್ತು ವರ್ಷ ಅದರ ಪಕ್ಕ ಮಲಗಿದ್ದೇನೆ.

ಮೂಗೇ, ಸುಮ್ಮನಿರು, ಅಂದೆ.
ಆಕೆ ಗೆಲ್ಲದ ಕೇಸಿಲ್ಲ ಅನ್ನುತ್ತಾರೆ.
ಒಂದು ದಿನ ತಡವಾಗಿಲ್ಲ, ಒಂದು ಮಾತು ತೊದಲಿಲ್ಲ.
ನನ್ನ ಸೈಟಿನ ಜಗಳಕ್ಕೆ ಬಿಡಿಗಾಸು ಮುಟ್ಟದೆ
ನೋಟೀಸು ಬರೆದುಕೊಟ್ಟ ಕೈ ಅದು.
ಬರೆಯುವಾಗ ಎಡಗೈ
ಬಲಗೈಯನ್ನು ಹಿಡಿದುಕೊಂಡಿತ್ತು.
ಚಳಿ, ಅಂದರು.
ಏಪ್ರಿಲ್ಲು.

ನಮ್ಮ ಮುನಿಶಾಮಿ ಕುಡಿದರೆ ಬೀದಿಗೇ ಡಂಗುರ.
ಮೋರಿಗೆ ಬಿದ್ದ, ಚಪ್ಪಲಿ ಕಳಕೊಂಡ,
ಮೂಲೆ ಅಂಗಡಿಯವನು ಬಂದು ಕೂಗುತ್ತಿದ್ದ:
ಯಕ್ಕಾ, ನಿಮ್ಮನೆಯವ್ರು ಕಟ್ಟೆ ತಾವ ಅವ್ರೆ, ಎತ್ಕೊಂಡ್ ಬನ್ನಿ.
ಕುಡುಕ ಅನ್ನಲು ಮಕ್ಕಳಿಗೂ ಬರುತ್ತಿತ್ತು.
ಈಕೆ ಎಲ್ಲೂ ಬೀಳುವುದಿಲ್ಲ.
ಬೀಳದವರನ್ನು ಎತ್ತುವುದು ಹೇಗೆ?

ಯುಗಾದಿಯ ಮಾರನೇ ದಿನ ಒಳಜೇಬಲ್ಲಿ ಸಿಕ್ಕಿತು
ಪುಟ್ಟ ಮುಚ್ಚಳ, ಚಿನ್ನದ ಬಣ್ಣದ್ದು, ಹಲ್ಲು ಹಲ್ಲಿನ ಅಂಚು.
ಚಿಲ್ಲರೆ ಸಿಕ್ಕರೆ ಚೀಟಿಯಲ್ಲಿ ಕಟ್ಟಿ ಕೊಡುವವಳು ನಾನು,
ಇದನ್ನೂ ಕಟ್ಟಿದೆ. ಮಡಿಸಿದ ಕೋಟಿನ ಮೇಲಿಟ್ಟೆ.
ಕೆಲಸದ ಹುಡುಗಿ ಶಶಿ ಒಯ್ದಳು.

ಆಮೇಲೆ ಜೇಬುಗಳು
ತೊಳೆದು ಬೋರಲಿಟ್ಟ ಲೋಟಗಳು.
ಬಿಟ್ಟರು ಅಂದುಕೊಂಡೆ, ಒಂದು ವಾರ.
ಕೋಟಿಗೆ ಬಿಸಿ ತಾಗಿತು.
ಬಿಟ್ಟದ್ದಲ್ಲ,
ಜೇಬು ತಡಕಿ ಕಳಿಸುವುದನ್ನು ಕಲಿತದ್ದು.
ಲವಂಗ ಎರಡರಷ್ಟಾಗಿತ್ತು.

ನಿನ್ನೆ ತಾವೇ ಬಂದರು, ಬೆಳಗ್ಗೆ ಆರೂವರೆಗೆ,
ಕೈಯಲ್ಲಿ ಗಂಟಿಲ್ಲ.
ಗಾಡಿಯ ಅಂಚು ಹಿಡಿದು ನಿಂತರು.
ನನ್ನ ಚೊಂಬಿನ ನೀರು ತನ್ನಷ್ಟಕ್ಕೆ ಅಲುಗತೊಡಗಿತು.
ಕೇಳಿದರು, ಸಾಕ್ಷಿಯನ್ನು ಕೇಳುವ ದನಿಯಲ್ಲಲ್ಲ:
ನಿಮ್ಮ ಯಜಮಾನರು ಹೇಗೆ ಬಿಟ್ಟರು?

ಬಿಡಲಿಲ್ಲಮ್ಮ, ಅಂದೆ.

ಹೋಗುತ್ತಾರೆ ಅಂದುಕೊಂಡೆ, ಹೋಗಲಿಲ್ಲ.
ಸ್ಟೂಲು ಎಳೆದುಕೊಟ್ಟೆ, ಕೂತರು.
ಪೆಟ್ಟಿಗೆಯ ಬಾಯಿ ತೆರೆದು ಊದಿದೆ,
ಬೂದಿ ಹಾರಿ ಅವರ ಸೆರಗಿಗೂ ಕೂತಿತು,
ಒದರಿಕೊಳ್ಳಲಿಲ್ಲ.
ಟೀ ತರಿಸಲಾ, ಅಂದೆ.
ಹ್ಞೂ, ಅಂದರು.
ಬಾಯಲ್ಲಿ ಲವಂಗ ಇರಲಿಲ್ಲ.