ಬೀಜದ ಗೋದಾಮು

ಕಟ್ಟಾಯದ ದಾರಿಯ ಆಲೂಗಡ್ಡೆ ಗೋದಾಮು ಕೊಂಡು
ಸಿಸ್ಟರ್ ಲೂರ್ದುಮೇರಿ ಧ್ಯಾನಕೇಂದ್ರ ಮಾಡಿದರು.
ಮೂರು ಸಲ ಸುಣ್ಣ ಬಳಿದರೂ
ಗೋಡೆ ಮಣ್ಣಿನ ವಾಸನೆ ಬಿಡಲಿಲ್ಲ.

‘ಮೂರು ದಿನ ಸುಮ್ನೆ ಕೂತ್ಕಳಕ್ಕೆ
ಊಟನೂ ಹಾಕ್ತೀರಾ?’ ನಕ್ಕ ಇನ್ನಾಸಪ್ಪ,
ಇಲ್ಲೇ ಮೂವತ್ತು ವರ್ಷ ಮೂಟೆ ಹೊತ್ತವನು,
ಈಗ ಕಸಬರಿಕೆ ಹಿಡಿದವನು.

ಮೊದಲ ಸಂಜೆ ಬಂದವರು ಐವರು;
ಅದರಲ್ಲೊಬ್ಬ ಬಸ್ಸು ತಪ್ಪಿಸಿಕೊಂಡವನು.
ಗಂಟೆ ಹೊಡೆಯಿತು. ಮೌನ ಶುರು.

ಆಗ ಸಿಕ್ಕಿತು, ಪೀಠದ ಹಿಂದಿನ ಮೂಲೆಯಲ್ಲಿ,
ಸುಕ್ಕುಗಟ್ಟಿದ ಒಂದು ಗಡ್ಡೆ.
ಬಿಳಿಚಿದ ಮೊಳಕೆ
ಗೇಣುದ್ದ
ಬಾಗಿಲ ಸಂದಿನ ಬೆಳಕಿನತ್ತ ತೆವಳಿತ್ತು.

‘ಎಸೀಲಾ ಸಿಸ್ಟರ್?’
ಅವರು ಮಾತಾಡುವಂತಿಲ್ಲ.
ತಲೆಯೂ ಆಡಿಸಲಿಲ್ಲ.

ಕ್ವಿಂಟಾಲುಗಟ್ಟಲೆ ಹೊತ್ತ ಮೈ,
ಅದೊಂದನ್ನು ಇಡುವ ಜಾಗ ತಿಳಿಯದೆ
ನಿಂತೇ ಇದ್ದ ಇನ್ನಾಸಪ್ಪ.
ಆಮೇಲೆ, ಗಡ್ಡೆಯ ಸಮೇತ,
ಕೂತ.