ಗ್ವಾಡಿ ಮೂಲಿ

ಐದೂವರಿ ಬಸ್ಸಿಗೆ ಸದಾಶಿವ ಪೇಠ,
ಎಂಟಕ್ಕ ಬಾಣೇರ, ಹತ್ತೂವರಿಗೆ ಕೋಂಡ್ವಾ.
ಹಡದವರ ಬೆನ್ನ ತಿಕ್ಕತೀನಿ, ಕೂಸಿಗೆ ಎರಿತೀನಿ.
ನೀಲಗಂಗವ್ವ ಅಂದ್ರ ಪುಣೆದಾಗ ಯಾರ ಬಾಯಾಗೂ ಹೊರಳಂಗಿಲ್ಲ,
ಮಾಲೀಸ ಮಾವಶಿ ಅಂದ್ರ
ಗೇಟಿನವನೂ ಎದ್ದು ನಿಲ್ಲತಾನ.

ಬೆನ್ನಿಗೆ ಕೈ ಇಟ್ಟರ ಸಾಕು,
ಏನ ತಿಂದಾಳ ಹೇಳತೀನಿ.

ಆಪಟೆಯವರ ಸೊಸಿಗೆ ಅಳ್ವಿ ಲಾಡು, ಅಂಟಿನ ಲಾಡು.
ಡಬ್ಬಿಗೆ ಅತ್ತಿ ಚೀಟಿ ಹಚ್ಯಾಳ:
ಮುಂಜಾನಿ ಒಂದು, ಸಂಜಿಕ ಒಂದು.
ಮೂರನೇದು ದಿಂಬಿನ ಬುಡಕ ಐತಿ.
ನಾ ಹಾಸಿಗಿ ಝಾಡಿಸೂ ಮುಂದ
ಆಕಿ ನನಗ ಕಣ್ಣ ಹೊಡೀತಾಳ.

ಬಾಣೇರದಾಗ ಕೊರಿಯಾದಾಕಿ, ಗಂಡ ಚಾಕಣದ ಕಾರಖಾನ್ಯಾಗ ಸಾಹೇಬ.
ಹೆಸರ ಸೂಜಿ. ದೇವರಾಣಿ, ಸೂಜೀನ.
ಅವರವ್ವ ವಿಮಾನದಾಗ ಕಟಗೊಂಡ ಬಂದಾಳ
ಸಮುದ್ರದ ಸೊಪ್ಪ.
ಒಣಗಿ ಕರ್ರಗ, ಸುಟ್ಟ ಸೀರಿ ಚೂರಿನಂಗ,
ನೀರಿಗೆ ಬಿಟ್ಟರ ಹಸರಾಗಿ ಅರಳತೈತಿ.
ಮೂರೂ ಹೊತ್ತು ಅದರ ಸಾರು.
ಮುದುಕಿ ಎದಿ ಮುಟ್ಟಿ ತೋರಸ್ತಾಳ: ಹಾಲು, ಹಾಲು.
ಹೂಂ ಯವ್ವಾ, ಗೊತ್ತಾತು.

ಕೋಂಡ್ವಾದಾಗ ಸುಡಾನದ ಆಮ್ನಾ.
ಅಲ್ಲಿ ಗುಂಡು ಹಾರತಾವಂತ, ತಾಯಿ ಬರಾಕ ಆಗಲಿಲ್ಲ.
ತಾಯಿ ಫೋನಿನಾಗ ಹೇಳತಾಳ, ಈಕಿ ಗ್ಯಾಸಿನ ಮುಂದ ತಿರವತಾಳ:
ಮೆಂತೆ, ಹಿಟ್ಟು, ಹಾಲು, ಬೆಲ್ಲದ ಬದಲಿ ಖಜೂರ.
ವಾಸನಿ ಬಂತು ನೋಡ್ರಿ,
ಸಿಂದಗಿಯೊಳಗ ನಮ್ಮವ್ವ ಒಲಿ ಊದಿದಂಗಾತು.
ಮೆಂತೆ ಅಷ್ಟು ದೂರ ಹೆಂಗ ಹೋತೋ, ಯಾರ ಒಯ್ದರೋ,
ಯಾರ ಬಾಣಂತನಕ್ಕ.

ನಾನೂ ಹಡದೀನಿ, ಮುಂಢವಾದಾಗ,
ಎರಡನೇ ಮಜಲಿ ಸೆಂಟ್ರಿಂಗ ಬುಡಕ, ಸಿಮೆಂಟ ಚೀಲದ ಮ್ಯಾಲ.
ಒಂಬತ್ತನೇ ದಿನಕ್ಕ ತಲಿ ಮ್ಯಾಲ ಬುಟ್ಟಿ.
ಜ್ವಾಳದ ರೊಟ್ಟಿ, ಕೆಂಪು ಖಾರ,
ನೀರಡಿಸಿದರ ಸ್ಲ್ಯಾಬಿಗೆ ಹೊಡಿಯೂ ಪೈಪಿನ ನೀರು.
ಆದರೂ ಎದಿ ತುಂಬತಿತ್ತು. ಎಲ್ಲಿಂದ ಬರತಿತ್ತೋ ಅಂತಿದ್ದೆ.
ಈಗ ಎಂಟು ಹಲ್ಲಿಲ್ಲ, ಮೊಣಕಾಲ ಕಟಕಟ ಅಂತಾವು.
ಅಲ್ಲಿಂದ ಬಂದಿತ್ತು.

ಇದನ್ನ ಹೇಳಾಕ ಕುಂತಿದ್ದಿಲ್ಲ.

ನಿನ್ನೆ ಯರವಡಾದ ಮನಿಯಾಗ, ಕೊಡದ ಹಿಂದ,
ಗ್ವಾಡಿ ಮೂಲಿ ಸವದಿತ್ತು. ಇಲಿ ಅಂದಕೊಂಡೆ.
ಬಗ್ಗಿ ನೋಡಿದರ ಉಗುರಿನ ಗೀರು.
ಸುಗಲಾ, ನನ್ನ ಸೊಸಿ, ಆರು ತಿಂಗಳ ಬಸರಿ,
ಬಾಯಿ ಮುಚಗೊಂಡು ನಿಂತಿದ್ದಳು.
ತುಟಿ ಮ್ಯಾಲ ಸುಣ್ಣ.

ಕಣ್ಣಿನ ಕೆಳಗಿನ ರೆಪ್ಪಿ ಜಗ್ಗಿ ನೋಡಿದೆ,
ಒಳಗ ಬೆಳ್ಳಗ, ಹಿಂಜಿದ ಅರಳಿಯಂಗ.
ಆಶಾತಾಯಿ ಕೊಟ್ಟ ಕೆಂಪು ಗುಳಿಗಿ
ಪೌಡರ ಡಬ್ಬ್ಯಾಗ ಎಣಿಸಿದಂಗ ಅದಾವು.
'ಖಾಲಿ ಹೊಟ್ಟಿಗೆ ನುಂಗಿದರ ವಾಂತಿ ಬರತೈತಿ, ಅತ್ತಿ.'
ಹಂಗಾರ ನೀ ಉಣ್ಣೂದು ಯಾವಾಗ,
ಅಂತ ಕೇಳಾಕ ಬಾಯಿ ತೆಗದೆ,
ತೆಗದದ್ದು ತೆಗದಂಗ ಉಳೀತು.

ಮಗ ಉಂಡ ಮ್ಯಾಲ. ನಾ ಉಂಡ ಮ್ಯಾಲ.
ಬುಟ್ಟ್ಯಾಗ ಉಳದದ್ದು ಆಕಿದು.
ಆಪಟೆಯವರ ಸೊಸಿ ಲಾಡು ಕದ್ದದ್ದು ನನಗ ಗೊತ್ತು,
ನನ್ನ ಸೊಸಿ ಗ್ವಾಡಿ ಕದ್ದದ್ದು
ಇಲಿ ಮ್ಯಾಲ ಹಾಕಿದ್ದೆ.

ಇವತ್ತ ಆಮ್ನಾಗ ಕೇಳೇಬಿಟ್ಟೆ, ಸೆರಗ ಬಾಯಿಗೆ ಹಿಡಕೊಂಡು.
ಆಕಿ ಡಬ್ಬಿ ತುಂಬಿ ಕೊಟ್ಟಳು, ಮ್ಯಾಲ ಎರಡ ಖಜೂರ.
ಸ್ಟೇಶನ್ನದಾಗ ಬಸ್ ಬದಲಿ ಮಾಡೂತನಕ
ತೊಡಿ ಮ್ಯಾಲ ಬೆಚ್ಚಗಿತ್ತು.

ಸೊಸೀನ ಮೊದಲ ಕುಂದರಿಸಿದೆ.
ಮಗ ಬಾಗಲದಾಗ ನಿಂತು 'ಊಟ?' ಅಂದ.
ಸಿಮೆಂಟ ಚೀಲದ ಮ್ಯಾಲ ಬಿದ್ದಾಂವ,
ಇಪ್ಪತ್ತೇಳು ವರ್ಷದಾಗ ಅವಗ ನನ್ನ ಮೊದಲನೇ 'ತಡಿ'.

ಸುಗಲಾ ಒಂದ ಚಮಚ ಬಾಯಾಗ ಇಟ್ಟಳು, ಮಾರಿ ಕಿವಿಚಿದಳು.
'ಕಹಿ ಐತಿ ಅತ್ತಿ. ಗ್ವಾಡೀನ ರುಚಿ ಇತ್ತು.'

ಗೊತ್ತೈತಿ, ಅಂದೆ.
ಮುಂಢವಾದ ಹಸಿ ಇಟ್ಟಂಗಿ ಇನ್ನೂ ರುಚಿ ಇತ್ತು.
ತಿನ್ನು.