ಗಿಡಕ್ಕ ಬರೂದು

ಪುಸ್ತಕ ಸಿಕ್ಕಿದ್ದು ಹುಬ್ಬಳ್ಳಿ ದುರ್ಗದಬೈಲಿನ ಹಿಂದ,
ಮಕ್ತುಂಸಾಬನ ರದ್ದಿ ಅಂಗಡ್ಯಾಗ, ತಕ್ಕಡಿ ಮ್ಯಾಲ.
ರೇಲ್ವೆ ಲೈಬ್ರರಿಯ ದುಂಡನ ಶಿಕ್ಕಾ,
ಒಳಗ ವೇಲ್ಸ್ ಅನ್ನೂ ನಾಡಿನ ಶಬ್ದ,
ಬಾಜೂಕ ಸಣ್ಣಕ್ಷರದಾಗ ಇಂಗ್ಲಿಷ್ ಅರ್ಥ.
ಆರನೂರಾ ಐವತ್ತು ಗ್ರಾಂ. ಹತ್ತು ರೂಪಾಯಿ.
"ಇದನ್ನ ಯಾರು ಓದ್ತಾರಬೇ?" ಅಂದ.
ನಮ್ಮಣ್ಣ, ಅಂತ ಬಾಯಿಗೆ ಬಂದಿತ್ತು.
ಎಚ್ ಅಕ್ಷರದಾಗ ಎಂಟು ಹಾಳಿ ಇರಲಿಲ್ಲ;
ಮಿರ್ಚಿ ಭಜಿ ಸುತ್ತಿಕೊಂಡು ಎಲ್ಲೋ ಹೋಗಿದ್ದವು.

ಅಂದಾನೆಪ್ಪ ಗದಗಿನ ಪ್ರೆಸ್ಸಿನಾಗ
ಇಪ್ಪತ್ತೊಂಬತ್ತು ವರ್ಷ ಮೊಳೆ ಜೋಡಿಸಿದಾಂವ.
ತಿರುವ್ಯಾಕಿದ ಅಕ್ಷರ ಸೀದಾ ಓದತಿದ್ದ:
ಮದುವಿ ಕಾರ್ಡು, ಪಂಚಾಂಗ,
ಸತ್ತವರ ಫೋಟೋದ ಕೆಳಗಿನ ನಾಕು ಸಾಲು.
ಆಫ್‌ಸೆಟ್ ಬಂದು ಮೊಳೆ ಕಿಲೋದ ಲೆಕ್ಕಕ್ಕ ಮಾರಿದ ಮ್ಯಾಲ
ಸೀದಾ ಅಕ್ಷರ ಅವಗ ತಿರುವು ಕಾಣಾಕ ಹತ್ತಿದವು.
ಆಮ್ಯಾಲ ಮಂದಿ.
ಆಮ್ಯಾಲ ಮಾತು ನಿಂತಿತು.
ಓಣ್ಯಾಗ ಅಂದ್ರು: ಅಂದಾನೆಪ್ಪ ಧಾರವಾಡಕ್ಕ ಹೋದ.
ನಮ್ಮ ಕಡೆ ಆ ಮಾತಿಗೆ ಇರೂದು ಒಂದ ಅರ್ಥ,
ಯಾವ ನಿಘಂಟೂ ಬೇಕಾಗಿಲ್ಲ.

ಮಂಗಳವಾರ ಮಂಗಳವಾರ ಹೋಗ್ತೇನಿ.
ಆಸ್ಪತ್ರಿ ಅಂಗಳದ ಕಟ್ಟಿ ಮ್ಯಾಲ ಕುಂತು
ಗಿರಮಿಟ್ಟಿನ ಪೊಟ್ಟಣ ಬಿಚ್ಚಿ, ಶಬ್ದ ಓದತೇನಿ.
ಉಚ್ಚಾರ ಬರೂದಿಲ್ಲ. ತಿದ್ದಾವರು ಇಲ್ಲೆ ಯಾರದಾರ?
ಎರಡು ಎಲ್ ಕೂಡಿದ್ರ ಹಾವು ಉಸಿರು ಬಿಟ್ಟಂಗ ಅನಬೇಕಂತ;
ಅಂದೆ. ಬಾಜೂಕ ಕುಂತಾಕಿ ಎದ್ದು ಹೋದಳು.

ದೂರ್‌ಗಿ: ನೀರಿನ ನಾಯಿ.
ನೀರುನಾಯೀನ, ಅಣ್ಣಾ! ನಮ್ಮ ತುಂಗಭದ್ರ್ಯಾಗಿನ್ದು!
ಏಳು ಸಮುದ್ರದ ಆಚೀಕೂ ಯಾರೋ
ಆ ತೊಯ್ದ ಮಾರಿ ನೋಡಿ ನಾಯಿ ಅಂದಾರ.
ಅಂವ ಗಿರಮಿಟ್ಟಿನ್ಯಾಗಿನ ಉಳ್ಳಾಗಡ್ಡಿ ಆರಿಸಿದ.

ಎಯ್ಲಿಯಾದ್: ಕ್ಷಣ. ಹುಬ್ಬಿನಿಂದ ಹುಟ್ಟಿದ ಶಬ್ದ.
ಹುಬ್ಬು ಹಾರಿ ಇಳಿಯೂದರಾಗ ಮುಗಿಯೂ ಅಷ್ಟು ಕಾಲ.
ಅವನ ಹುಬ್ಬು ನೋಡಿದೆ. ಹಾರಲಿಲ್ಲ.

ಶ್ರಾವಣದ ಒಂದು ವಾರ, ಧಾರವಾಡದ ಜಿಟಿ ಜಿಟಿ.
ಅವರಲ್ಲಿ ಮಳಿ ಜೋರಾದ್ರ ಹೇಳತಾರಂತ:
ಮುದುಕ್ಯಾರು ಬಡಗಿ ಸಮೇತ ಬೀಳಾಕ ಹತ್ಯಾರ.
ಅಣ್ಣ ಮಾಡಿನ ಆಚೆ ಕೈ ಚಾಚಿದ.
"ಇಲ್ಲೆ ಬರೇ ಮೊಮ್ಮಕ್ಕಳು," ಅಂದ.
ಹನ್ನೊಂದು ತಿಂಗಳಿಗೆ ಮೊದಲನೇ ಮಾತು.
ನಾ ನಗಲಿಲ್ಲ, ಅಳಲಿಲ್ಲ, ಹಾಳಿ ತಿರುವಿದೆ,
ಗುಬ್ಬಿ ಹಾರೀತು ಅಂತ ಅಲ್ಲಾಡದ ಕೂಡತಾರಲ್ಲ, ಹಂಗ.

ಕುಚ್: ಮೆಟ್ಟಲಾ ಕೆಳಗಿನ ಸಣ್ಣ ಮೂಲಿ.
ತಬ್ಬಿಕೊಂಡ್ರೂ ಅದಕ್ಕ ಕುಚ್ ಅಂತಾರ.
ಅವ್ವನ ಉಡಿ ಇದ್ದಂಗ, ಅಂದೆ.
"ಅಲ್ಲ. ಮೊಳಿ ಇಡೂ ಮನಿ. ಒಂದೊಂದಕ್ಕ ಒಂದೊಂದು."
ಪುಸ್ತಕ ಕಸಕೊಂಡು ತಲಿಕೆಳಗ ಹಿಡಿದ,
ನನಗಿಂತ ಭರಾಭರಾ ಓದಿದ.
"ಡಬ್ಬಲ್ಯೂನ ಸ್ವರ ಮಾಡ್ಯಾರ, ಹುಚ್ಚಪ್ಯಾಲಿಗೋಳು!"
ಆ ಅಂಗಳದಾಗ ಆ ಬೈಗಳ ಕೇಳಿ
ಸಿಸ್ಟರ್ ಕಿಟಕ್ಯಾಗ ಬಂದು ನಿಂತರು.

ಹರಿದ ಹಾಳಿ ದಾಟಿ ಒಂದು ಶಬ್ದ ಉಳಿದಿತ್ತು: ಹುಯಿಲ್.
ನಮ್ಮಲ್ಲಿ ಹುಯಿಲಂದ್ರ ಬೊಬ್ಬೆ.
ಅವರಿಗೆ ಹಡಗದ ಹಾಯಿ, ಖುಷಿ,
ಮತ್ತ ಬಾಗಲದಾಗ ನಿಂತು ಅನ್ನೂ "ಬರ್ತೇನ್ರಿ".

ಇನ್ನೊಂದು ಮಾತನ್ನ ಅಂಜಿಕೋತ ಓದಿದೆ.
ತಲಿ ಕೆಟ್ಟಾವ ನೆಟ್ಟಗಾದ್ರ ಹಿಂಗ ಅಂತಾನಂತ:
ನನ್ನ ಗಿಡಗಳ ಹತ್ರ ಹೊಳ್ಳಿ ಬಂದೆ.
(ಮರ ಅನ್ನೂದಿಲ್ಲ ನಾವು; ಮುಗಲು ಮುಟ್ಟಿದ್ರೂ ಗಿಡಾನ.)
ಅಣ್ಣ ಅಂಗಳ ನೋಡಿದ: ಹುಣಸಿ, ಬೇವು,
ಹೆಸರು ಗೊತ್ತಿಲ್ಲದ್ದೊಂದು, ಅದರ ಬುಡಕ್ಕ ಯಾರದೋ ಚಪ್ಪಲಿ.
"ಅಂದ್ರ ಅವರದೂ ಧಾರವಾಡಕ್ಕ ಬರೂ ಮಂದಿನ," ಅಂದ.

ಬಸ್ಸಿನ ಹೊತ್ತಾತು. ಪುಸ್ತಕ ಕೊಡವಲ್ಲ.
ಎಂಟು ಹಾಳಿಯ ಹರಕಿನ ಅಂಚು ಸವರಿಕೋತ ಕೇಳಿದ:
"ಇಲ್ಲೆ ಏನಿತ್ತು?"
ಗೊತ್ತಿಲ್ಲೋ.
"ಒಂದು ಶಬ್ದ ಇದ್ದಿರಬೇಕು.
ಸೀಸದ ವಾಸನಿ ಬೆರಳಿನಿಂದ ಯಾವಾಗೋ ಹೋಗಿರತೈತಿ,
ಆದ್ರೂ ಮುಂಜಾನೆದ್ದು ಬೆರಳು ಮೂಸಿ ನೋಡತೇವಲ್ಲ,
ಅದಕ್ಕ."